ಬುಧವಾರ ಮಧ್ಯಾಹ್ನದ ಸೀಟುಗಳನ್ನು ನೋಡಿ ಊರು ಆರಿಸಿ: ಎಸಿಸಿ ಆಯುಕ್ತರಿಗೆ ಬಹಿರಂಗ ಪತ್ರ

ಇವರಿಗೆ,
ಆಯುಕ್ತರು, ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ (ಎಸಿಸಿ), ಷಾರ್ಲಟ್, ಉತ್ತರ ಕೆರೊಲಿನಾ,
ಹಾಗೂ 18 ಸದಸ್ಯ ವಿಶ್ವವಿದ್ಯಾಲಯಗಳ ಅಧ್ಯಕ್ಷರು ಮತ್ತು ಕ್ರೀಡಾ ನಿರ್ದೇಶಕರು

ವಿಷಯ: ಪುರುಷರ ಬ್ಯಾಸ್ಕೆಟ್‌ಬಾಲ್ ಟೂರ್ನಿಗೆ ಆತಿಥೇಯ ನಗರವನ್ನು ಆರಿಸುವ ಕ್ರಮ

ಮಾನ್ಯರೇ,

ಎಸಿಸಿ ಟೂರ್ನಿ ಮುಂದೆ ಯಾವ ಊರಿನಲ್ಲಿ ನಡೆಯುತ್ತದೆ ಎಂಬ ಪ್ರಕಟಣೆ ಹೊರಬಿದ್ದಾಗಲೆಲ್ಲ ನಮಗೆ ತಿಳಿಯುವುದು ಎರಡೇ ಸಂಗತಿ: ಊರಿನ ಹೆಸರು ಮತ್ತು ವರ್ಷ. ಆ ಊರನ್ನು ಯಾವ ಅಳತೆಗೋಲಿನಿಂದ ಅಳೆದಿರಿ, ಬೇರೆ ಊರುಗಳು ಎಲ್ಲಿ ಸೋತವು ಎಂಬುದು ತಿಳಿಯುವುದಿಲ್ಲ. ಈ ಅಳತೆಗೋಲನ್ನು ಬಹಿರಂಗಪಡಿಸಿ ಎಂದು ಕೇಳುವುದಕ್ಕೂ, ಅದು ಹೇಗಿರಬೇಕು ಎಂದು ನಮಗೆ ತೋಚಿದ್ದನ್ನು ಹೇಳುವುದಕ್ಕೂ ಈ ಪತ್ರ ಬರೆಯುತ್ತಿದ್ದೇವೆ. ಕ್ಯಾರಿ, ಮಾರಿಸ್‌ವಿಲ್, ರಾಲೀ, ಷಾರ್ಲಟ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ನಿಮ್ಮ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದಾರೆ, ಅವರ ತಂದೆತಾಯಿ ಇಲ್ಲಿ ತೆರಿಗೆ ಕಟ್ಟುತ್ತಾರೆ, ಟಿಕೆಟ್ ಕೊಳ್ಳುತ್ತಾರೆ. ಅವರೂ ಓದಲಿ ಎಂದು ಪತ್ರವನ್ನು ಕನ್ನಡದಲ್ಲಿ ಬರೆದಿದ್ದೇವೆ.

ಆಟದ ಪರಿಚಯವಿಲ್ಲದ ಓದುಗರಿಗೆ ಎರಡು ಮಾತು. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ವಿಶ್ವವಿದ್ಯಾಲಯಗಳು ಕೂಡಿಕೊಂಡು ಮಾಡಿಕೊಂಡ ಒಕ್ಕೂಟಗಳಿಗೆ ಕಾನ್ಫರೆನ್ಸ್ ಎನ್ನುತ್ತಾರೆ. ಮಾರ್ಚ್‌ನಲ್ಲಿ ಪ್ರತಿ ಕಾನ್ಫರೆನ್ಸ್ ತನ್ನದೇ ನಾಕೌಟ್ ಟೂರ್ನಿ ನಡೆಸುತ್ತದೆ. ಗೆದ್ದ ತಂಡಕ್ಕೆ ರಾಷ್ಟ್ರೀಯ ಟೂರ್ನಿಯಲ್ಲಿ ನೇರ ಸ್ಥಾನ. 1953ರಲ್ಲಿ ಗ್ರೀನ್ಸ್‌ಬರೋದಲ್ಲಿ ಹುಟ್ಟಿದ ಎಸಿಸಿಯ ಮೊದಲ ಟೂರ್ನಿ 1954ರಲ್ಲಿ ರಾಲೀಯ ರೆನಾಲ್ಡ್ಸ್ ಕೊಲಿಸಿಯಂನಲ್ಲಿ ನಡೆಯಿತು. ಅದು ನಾರ್ತ್ ಕೆರೊಲಿನಾ ಸ್ಟೇಟ್ ತಂಡದ ಸ್ವಂತ ಅಂಗಳ. ಒಂದೇ ತಂಡದ ಅಂಗಳದಲ್ಲಿ ಎಲ್ಲರೂ ಆಡಬೇಕಾದ ಆ ಏರ್ಪಾಟು 1966ರವರೆಗೂ ನಡೆದು, ಮರುವರ್ಷ ಟೂರ್ನಿ ತಟಸ್ಥ ನೆಲವಾದ ಗ್ರೀನ್ಸ್‌ಬರೋ ಕೊಲಿಸಿಯಂಗೆ ಬಂತು. ಅಲ್ಲಿಂದೀಚೆಗೆ ಗ್ರೀನ್ಸ್‌ಬರೋ 29 ಬಾರಿ ಆತಿಥ್ಯ ವಹಿಸಿದೆ. ಷಾರ್ಲಟ್, ಅಟ್ಲಾಂಟಾ, ವಾಷಿಂಗ್ಟನ್ ಮತ್ತು ಅದರ ಹೊರವಲಯದ ಲ್ಯಾಂಡೋವರ್, ಟ್ಯಾಂಪಾ, ಬ್ರೂಕ್ಲಿನ್ ಉಳಿದ ಸರದಿಗಳನ್ನು ಹಂಚಿಕೊಂಡಿವೆ. 2025 ಮತ್ತು 2026ರ ಟೂರ್ನಿಗಳನ್ನು ನೀವು ಷಾರ್ಲಟ್‌ಗೆ ಕೊಟ್ಟಿರಿ.

ಇದು ಖಾಸಗಿ ಒಕ್ಕೂಟದ ಒಳವಿಚಾರ ಎಂದು ನೀವು ಹೇಳಬಹುದಿತ್ತು. ಈಗ ಹಾಗೆ ಹೇಳಲಾಗದು. ಕಾನ್ಫರೆನ್ಸಿನ ಮುಖ್ಯ ಕಚೇರಿ ಉತ್ತರ ಕೆರೊಲಿನಾದಲ್ಲೇ ಉಳಿಯಲಿ ಎಂದು ಇಲ್ಲಿನ ಶಾಸನಸಭೆ 1.5 ಕೋಟಿ ಡಾಲರ್ ಸಾರ್ವಜನಿಕ ಹಣವನ್ನು ಮೀಸಲಿಟ್ಟಿತು. ಕೆಲವು ಟೂರ್ನಿಗಳು ರಾಜ್ಯದೊಳಗೇ ನಡೆಯಬೇಕೆಂಬ ಷರತ್ತೂ ಅದರ ಜೊತೆಗಿತ್ತು. 2023ರಲ್ಲಿ ಕಚೇರಿ ಗ್ರೀನ್ಸ್‌ಬರೋದಿಂದ ಷಾರ್ಲಟ್‌ಗೆ ಸ್ಥಳಾಂತರವಾಯಿತು. ತೆರಿಗೆದಾರರ ಹಣ ಸೇರಿದ ಮೇಲೆ ಲೆಕ್ಕ ಕೇಳುವ ಹಕ್ಕು ತೆರಿಗೆದಾರರಿಗೆ ಬರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಶನಿವಾರ ರಾತ್ರಿಯ ಫೈನಲ್ ಎಲ್ಲಿ ನಡೆದರೂ ಜನ ಬರುತ್ತಾರೆ, ಟಿವಿಯಲ್ಲಿ ತುಂಬಿದ ಅಂಗಳ ಕಾಣುತ್ತದೆ. ಆತಿಥೇಯ ಊರಿನ ನಿಜವಾದ ಪರೀಕ್ಷೆ ಇರುವುದು ಮಂಗಳವಾರ ಮತ್ತು ಬುಧವಾರ. 2025ರಿಂದ 18 ತಂಡಗಳಲ್ಲಿ 15 ಮಾತ್ರ ಟೂರ್ನಿಗೆ ಬರುತ್ತವೆ. ಐದು ದಿನ, 14 ಪಂದ್ಯ: ಮಂಗಳವಾರ ಮೂರು, ಬುಧವಾರ ನಾಲ್ಕು, ಗುರುವಾರ ನಾಲ್ಕು ಕ್ವಾರ್ಟರ್ ಫೈನಲ್, ಶುಕ್ರವಾರ ಎರಡು ಸೆಮಿಫೈನಲ್, ಶನಿವಾರ ಒಂದು. ಮೊದಲ ನಾಲ್ಕು ಸೀಡ್‌ಗಳಿಗೆ (ಋತುವಿನ ಸಾಧನೆಯ ಮೇಲೆ ತಂಡಗಳಿಗೆ ಕೊಡುವ ಶ್ರೇಯಾಂಕ) ಎರಡು ಸುತ್ತಿನ ಬೈ, ಅಂದರೆ ಆಡದೆಯೇ ಮುಂದೆ ಹೋಗುವ ಅವಕಾಶ, ಇರುವುದರಿಂದ ಅವು ಅಂಗಳಕ್ಕೆ ಇಳಿಯುವುದೇ ಗುರುವಾರ. ಎಂದರೆ ಅತಿ ಹೆಚ್ಚು ಅಭಿಮಾನಿಗಳನ್ನು ಕರೆತರಬಲ್ಲ ತಂಡಗಳು ಸಾಮಾನ್ಯವಾಗಿ ಮೊದಲ ಏಳು ಪಂದ್ಯಗಳಲ್ಲಿ ಇರುವುದೇ ಇಲ್ಲ. ಹದಿಮೂರನೆಯ ಸೀಡ್ ಮತ್ತು ಹನ್ನೆರಡನೆಯ ಸೀಡ್ ಆಡುವ ವಾರದ ದಿನದ ಮಧ್ಯಾಹ್ನಕ್ಕೆ ಇಪ್ಪತ್ತು ಸಾವಿರ ಸೀಟಿನ ಕಟ್ಟಡ ತೆರೆದಿಟ್ಟಿರುತ್ತೀರಿ. ಮೇಲಿನ ಅಂತಸ್ತಿನಲ್ಲಿ ಸಾಲುಸಾಲು ಸೀಟು ಮಡಚಿದಂತೆಯೇ ಇರುತ್ತವೆ; ಕೋಚ್ ಕೂಗಿದ್ದು ಎದುರಿನ ಗ್ಯಾಲರಿಗೆ ಕೇಳಿಸುತ್ತದೆ. ರಿಸೆಪ್ಷನ್ನಿಗೆ ಬರುವ ಜನರನ್ನು ಎಣಿಸಿ ಛತ್ರ ಹಿಡಿದವರು ಹಿಂದಿನ ದಿನದ ದೇವರ ಸಮಾರಾಧನೆಗೆ ಬಂದ ನಾಲ್ಕು ಮನೆಯವರನ್ನು ಅದೇ ದೊಡ್ಡ ಹಾಲಿನಲ್ಲಿ ಕೂರಿಸಿದ ಹಾಗೆ.

ಆ ಮಧ್ಯಾಹ್ನದ ಸೀಟಿನಲ್ಲಿ ಯಾರು ಕೂರುತ್ತಾರೆ? ಬೆಳಗ್ಗೆ ಮನೆಯಿಂದ ಕಾರಿನಲ್ಲಿ ಹೊರಟು ರಾತ್ರಿ ಮನೆಗೆ ಮರಳಬಲ್ಲವರು. ವಿನ್ಸ್ಟನ್-ಸೇಲಂನಿಂದ ಗ್ರೀನ್ಸ್‌ಬರೋಗೆ ಸುಮಾರು 45 ಕಿ.ಮೀ., ಚಾಪೆಲ್ ಹಿಲ್‌ನಿಂದ 80, ರಾಲೀಯಿಂದ 125, ಷಾರ್ಲಟ್‌ನಿಂದ 150. ನಾಲ್ಕು ಸದಸ್ಯ ವಿಶ್ವವಿದ್ಯಾಲಯಗಳ ಊರುಗಳು ಎರಡು ಗಂಟೆಯ ಹಾದಿಯೊಳಗಿವೆ. ಷಾರ್ಲಟ್‌ನಿಂದ ಲೆಕ್ಕ ಹಾಕಿದರೆ ಚಾಪೆಲ್ ಹಿಲ್ 225 ಕಿ.ಮೀ., ರಾಲೀ 265; ಆ ಕಡೆ ಕ್ಲೆಮ್ಸನ್ ಸುಮಾರು 210. ಹೋಗಿಬರಬಹುದು, ಆದರೆ ರಾತ್ರಿ ಒಂಬತ್ತೂವರೆಯ ಪಂದ್ಯ ಮುಗಿಸಿಕೊಂಡು ಮರುದಿನ ಕೆಲಸಕ್ಕೆ ಹೋಗುವುದು ಕಷ್ಟ. ವಾಷಿಂಗ್ಟನ್, ಬ್ರೂಕ್ಲಿನ್ ಆದರೆ ಹೋಟೆಲ್ ರೂಮು ಅನಿವಾರ್ಯ.

ಟಿಕೆಟ್ ಪುಸ್ತಕದ ನಡೆಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ದಶಕಗಳ ಕಾಲ ಈ ಟೂರ್ನಿಯ ಟಿಕೆಟ್ ಸಾರ್ವಜನಿಕರಿಗೆ ಮಾರಾಟಕ್ಕೇ ಬರುತ್ತಿರಲಿಲ್ಲ. ವಿಶ್ವವಿದ್ಯಾಲಯಗಳು ತಮ್ಮ ಪಾಲನ್ನು ದಾನಿಗಳಿಗೆ ಕೊಟ್ಟು ಮುಗಿಸುತ್ತಿದ್ದವು. ಎಂಟು ತಂಡಗಳಿದ್ದ ಕಾಲಕ್ಕೆ ಅದು ಹೊಂದುತ್ತಿತ್ತು. ಈಗಲೂ ಎಲ್ಲ ಸೆಷನ್‌ಗಳನ್ನು (ಒಂದೇ ಟಿಕೆಟ್‌ನಲ್ಲಿ ನೋಡುವ ಪಂದ್ಯಗಳ ಗುಂಪು) ಕಟ್ಟಿದ ಪೂರ್ತಿ ಪುಸ್ತಕವೇ ಮಾರಾಟದ ಬೆನ್ನೆಲುಬು. ಬುಧವಾರ ಮಧ್ಯಾಹ್ನ ಒಂದು ತಂಡ ಸೋತಿತೆನ್ನಿ. ಅದರ ಬೆಂಬಲಿಗರ ಕೈಯಲ್ಲಿ ಗುರುವಾರದಿಂದ ಶನಿವಾರದವರೆಗಿನ ಸೀಟುಗಳು ಉಳಿಯುತ್ತವೆ. ಆತಿಥೇಯ ಊರು ಕಾರಿನ ದೂರದಲ್ಲಿದ್ದರೆ ಅವು ಅದೇ ಸಂಜೆ ಕೈ ಬದಲಾಯಿಸುತ್ತವೆ: ಗೆದ್ದ ತಂಡದ ಊರಿನಿಂದ ಹೊಸ ಜನ ಹೊರಡುತ್ತಾರೆ, ಫೋನಿನಲ್ಲೇ ಟಿಕೆಟ್ ವರ್ಗಾವಣೆಯಾಗುತ್ತದೆ, ಗುರುವಾರ ಸಂಜೆ ಅದೇ ಸೀಟಿನಲ್ಲಿ ಬೇರೆ ಬಣ್ಣದ ಅಂಗಿ ಕೂತಿರುತ್ತದೆ. ವಿಮಾನ ಹತ್ತಿ ಹೋಗಬೇಕಾದ ಊರಿನಲ್ಲಿ ಈ ಕೈಬದಲು ಆಗುವುದಿಲ್ಲ. ಸೋತವರು ಹೊರಡುತ್ತಾರೆ, ಗೆದ್ದವರ ಕಡೆಯವರು ಒಂದೇ ರಾತ್ರಿಯಲ್ಲಿ ಬಂದು ತಲುಪಲಾರರು, ಸೀಟು ಖಾಲಿ ಉಳಿಯುತ್ತದೆ.

2024ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದದ್ದು ಎಲ್ಲರಿಗೂ ನೆನಪಿದೆ. ಹತ್ತನೆಯ ಸೀಡ್ ಆಗಿ ಬಂದ ನಾರ್ತ್ ಕೆರೊಲಿನಾ ಸ್ಟೇಟ್ ಮಂಗಳವಾರದಿಂದ ಶನಿವಾರದವರೆಗೆ ಐದು ದಿನದಲ್ಲಿ ಐದು ಪಂದ್ಯ ಗೆದ್ದಿತು. ವರ್ಜೀನಿಯಾ ವಿರುದ್ಧದ ಸೆಮಿಫೈನಲ್ ಕೈಜಾರಿತು ಎನ್ನುವಾಗ ಮೈಕೆಲ್ ಓಕಾನೆಲ್ ಮೂರು ಅಂಕದ ಗೆರೆಯಾಚೆಯಿಂದ ಎಸೆದ ಚೆಂಡು ಬೋರ್ಡಿಗೆ ಬಡಿದು ಬಳೆಯೊಳಗೆ ಬಿದ್ದು ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಫೈನಲ್‌ನಲ್ಲಿ ಚಾಪೆಲ್ ಹಿಲ್ ತಂಡವನ್ನು 84-76ರಿಂದ ಸೋಲಿಸಿದರು. ಕಾಲೇಜು ಬ್ಯಾಸ್ಕೆಟ್‌ಬಾಲ್ ಕೊಡಬಲ್ಲ ಅತ್ಯುತ್ತಮ ವಾರ ಅದು. ಆದರೆ ರಾಲೀಯಿಂದ ವಾಷಿಂಗ್ಟನ್‌ಗೆ ಸುಮಾರು 450 ಕಿ.ಮೀ. ತಂಡ ಗೆಲ್ಲುತ್ತ ಹೋದಂತೆ ಪ್ರತಿ ರಾತ್ರಿ ರೂಮು ಮುಂದುವರಿಸುವ, ರಜೆ ಬೆಳೆಸುವ ಶಕ್ತಿ ಎಷ್ಟು ಕುಟುಂಬಗಳಿಗಿದೆ, ಎಷ್ಟು ವಿದ್ಯಾರ್ಥಿಗಳಿಗಿದೆ? ಫೈನಲ್ ಆಡಿದ ಎರಡೂ ತಂಡಗಳ ಊರುಗಳ ನಡುವಿನ ಅಂತರ 45 ಕಿ.ಮೀ.ಗೂ ಕಡಿಮೆ ಎಂಬುದನ್ನು ದಯವಿಟ್ಟು ಗಮನಿಸಿ.

ದೊಡ್ಡ ಮಾರುಕಟ್ಟೆಯ ವಾದ ನಮಗೆ ಗೊತ್ತು. ಸಿರಕ್ಯೂಸ್, ಪಿಟ್ಸ್‌ಬರ್ಗ್, ಬಾಸ್ಟನ್ ಕಾಲೇಜು, ನೋಟ್ರ ಡೇಮ್ ಸೇರಿದ ಮೇಲೆ ಉತ್ತರಕ್ಕೂ ಹೋಗಬೇಕೆನಿಸಿ 2017, 2018 ಮತ್ತು 2022ರಲ್ಲಿ ಟೂರ್ನಿಯನ್ನು ಬ್ರೂಕ್ಲಿನ್‌ಗೆ ಒಯ್ದಿರಿ. ನ್ಯೂಯಾರ್ಕಿನಲ್ಲಿ ಆ ವಾರ 1983ರಿಂದ ಬಿಗ್ ಈಸ್ಟ್ ಕಾನ್ಫರೆನ್ಸಿನದು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಅವರ ಮನೆಯಂತಾಗಿದೆ. ಅದೇ ನಗರದ ಆಸೆಗೆ ಬಿದ್ದ ಬಿಗ್ ಟೆನ್ ಏನು ಅನುಭವಿಸಿತೆಂಬುದನ್ನು ನೀವು ಬಲ್ಲಿರಿ. 2018ರಲ್ಲಿ ಗಾರ್ಡನ್ ಸಿಗಬೇಕೆಂದು ತನ್ನ ಟೂರ್ನಿಯನ್ನು ಒಂದು ವಾರ ಹಿಂದಕ್ಕೆಳೆದು ಮಾರ್ಚ್ 4ಕ್ಕೆ ಮುಗಿಸಿತು. ಋತುವಿನ ಪಂದ್ಯಗಳನ್ನು ಒತ್ತೊತ್ತಾಗಿ ತುರುಕಬೇಕಾಯಿತು, ಆಮೇಲೆ ರಾಷ್ಟ್ರೀಯ ಟೂರ್ನಿ ಶುರುವಾಗುವವರೆಗೆ ತಂಡಗಳು ಆಟವಿಲ್ಲದೆ ಕಾದವು. ಒಂದು ಕಟ್ಟಡಕ್ಕಾಗಿ ಇಡೀ ಕ್ಯಾಲೆಂಡರ್ ಬಾಗಿತು.

2024ರಲ್ಲಿ ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾ, ಡಲ್ಲಾಸ್‌ನ ಎಸ್‌ಎಂಯು ಬಂದ ಮೇಲೆ ಪಶ್ಚಿಮಕ್ಕೂ ಒಂದು ಸರದಿ ಕೊಡೋಣ ಎಂಬ ಮಾತು ಎದ್ದರೆ ಆಶ್ಚರ್ಯವಿಲ್ಲ. ನಕ್ಷೆಯ ಮಧ್ಯಬಿಂದು ಹುಡುಕುವ ಆ ಲೆಕ್ಕ ತಪ್ಪು. ತಂಡಗಳು ಚಾರ್ಟರ್ ವಿಮಾನದಲ್ಲಿ ಬರುತ್ತವೆ, ಅವಕ್ಕೆ ಒಂದೆರಡು ಗಂಟೆ ಹೆಚ್ಚುಕಡಿಮೆ ಅಷ್ಟೆ. ರಸ್ತೆಯಲ್ಲಿ ಬರುವವರು ಅಭಿಮಾನಿಗಳು, ಅವರು ಹೆಚ್ಚು ಇರುವ ಕಡೆಯೇ ಟೂರ್ನಿಯ ನಡು. ಪಶ್ಚಿಮದ ತಂಡಗಳಿಗೆ ನ್ಯಾಯ ಮಾಡಬೇಕಿದ್ದರೆ ಬೇರೆ ದಾರಿಯಿದೆ: ಇಲ್ಲಿನ ಮಧ್ಯಾಹ್ನ 12 ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ 9. ಸೀಡಿಂಗ್ ಅವಕಾಶ ಕೊಟ್ಟಾಗಲೆಲ್ಲ ಅವರ ಪಂದ್ಯವನ್ನು ಸಂಜೆಯ ಸೆಷನ್‌ಗೆ ಹಾಕಿ.

ಕಟ್ಟಡದ ವಿಚಾರಕ್ಕೆ ಬಂದರೆ, ವೃತ್ತಿಪರ ಲೀಗ್ ಆದ ಎನ್‌ಬಿಎ ತಂಡದ ಅಂಗಳ ಎಂದರೆ ಎಲ್ಲವೂ ಸರಿ ಎಂಬ ಭಾವನೆ, ಆತಿಥ್ಯ ಕೋರಿ ಊರುಗಳು ಸಲ್ಲಿಸುವ ಬಿಡ್ ಓದುವವರಲ್ಲಿ ಇರುವಂತೆ ಕಾಣುತ್ತದೆ. ಸೋಮವಾರ ನೆಲ ಜೋಡಿಸಿ, ಫಲಕ, ಕ್ಯಾಮೆರಾ, ಪತ್ರಕರ್ತರ ಮೇಜುಗಳನ್ನು ಹಾಕಿ, ಶನಿವಾರ ರಾತ್ರಿ ಬಿಚ್ಚುವವರೆಗೆ ಆರು ದಿನ ಕಟ್ಟಡ ಪೂರ್ತಿ ನಿಮ್ಮದಾಗಿರಬೇಕು. ಅಷ್ಟು ದಿನ ಷಾರ್ಲಟ್‌ನ ಎನ್‌ಬಿಎ ತಂಡ ಹಾರ್ನೆಟ್ಸ್ ಹೊರ ಊರುಗಳಲ್ಲೇ ಆಡಬೇಕು. ವಾಷಿಂಗ್ಟನ್‌ನಲ್ಲಾದರೆ ಬ್ಯಾಸ್ಕೆಟ್‌ಬಾಲ್ ತಂಡದ ಜೊತೆಗೆ ಐಸ್ ಹಾಕಿ ತಂಡವೂ ಇದೆ. ನೆಲದಡಿ ಮಂಜುಗಡ್ಡೆ ಇರುವಲ್ಲಿ ನಡುವಿನ ನಿರೋಧಕ ಹಲಗೆಗಳು ಸರಿಯಾಗಿ ಕೂರದಿದ್ದರೆ, ಒಳಗಿನ ತೇವಾಂಶ ಹತೋಟಿ ತಪ್ಪಿದರೆ ಮರದ ನೆಲ ಬೆವರಿ ಜಾರುತ್ತದೆ. ಗೆರೆಗಳೂ ಬೇರೆ: ಕಾಲೇಜಿನ ಮೂರು ಅಂಕದ ಗೆರೆ 22 ಅಡಿ 1¾ ಅಂಗುಲ, ಎನ್‌ಬಿಎಯದು 23 ಅಡಿ 9 ಅಂಗುಲ, ಬುಟ್ಟಿಯ ಕೆಳಗಿನ ಲೇನ್ 12 ಅಡಿ ಅಗಲ, ಅವರದು 16. ಆದ್ದರಿಂದ ಕಾಲೇಜು ಗೆರೆಗಳ ಪ್ರತ್ಯೇಕ ನೆಲ ಬೇಕು.

ನಾಲ್ಕು ಪಂದ್ಯದ ದಿನ ಎಂಟು ತಂಡಗಳಿಗೆ ಬಟ್ಟೆ ಬದಲಿಸುವ ಕೋಣೆ ಬೇಕು. ಎನ್‌ಬಿಎ ಕಟ್ಟಡದಲ್ಲಿ ಆತಿಥೇಯ ತಂಡದ ಐಷಾರಾಮಿ ಕೋಣೆಯನ್ನು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ. ಉಳಿದ ಕೋಣೆಗಳಲ್ಲಿ ಸೋತ ತಂಡ ಹೊರಹೋಗಿ, ಸ್ವಚ್ಛಗೊಳಿಸಿ, ಮುಂದಿನ ತಂಡ ಒಳಬರಬೇಕು. ಒಂದು ಪಂದ್ಯ ಮುಗಿದು ಇನ್ನೊಂದು ಶುರುವಾಗಲು ಅರ್ಧ ಗಂಟೆಯೂ ಇರುವುದಿಲ್ಲ. ಒಂದು ಪಂದ್ಯ ಹೆಚ್ಚುವರಿ ಅವಧಿಗೆ ಹೋದರೆ ಮುಂದಿನದೆಲ್ಲ ತಡವಾಗುತ್ತದೆ. ರಾತ್ರಿಯ ಕೊನೆಯ ಪಂದ್ಯ ಗೆದ್ದ ತಂಡ ಮಧ್ಯರಾತ್ರಿ ದಾಟಿ ಊಟ ಮಾಡಿ, ಮರುಸಂಜೆ ಮತ್ತೆ ಆಡಬೇಕು. ಹೋಟೆಲ್ ಹತ್ತು ನಿಮಿಷದ ದೂರದಲ್ಲಿದೆಯೋ ನಲವತ್ತು ನಿಮಿಷದ ದೂರದಲ್ಲಿದೆಯೋ ಎಂಬುದು ಆಗ ಆ ಹುಡುಗರ ನಿದ್ದೆಯ ಪ್ರಶ್ನೆ. ಯಾವ 15 ತಂಡ ಬರುತ್ತವೆ, ಯಾರು ಯಾವ ದಿನ ಆಡುತ್ತಾರೆ ಎಂಬುದು ಹಿಂದಿನ ವಾರಾಂತ್ಯದವರೆಗೆ ಖಚಿತವಿರುವುದಿಲ್ಲ. ಹಾಗಾಗಿ ಬರದೆ ಉಳಿಯಬಹುದಾದ ತಂಡಗಳಿಗೂ, ಮೊದಲ ದಿನವೇ ಮನೆಗೆ ಹೊರಡುವ ತಂಡಗಳಿಗೂ ಅಂಗಳದ ಹತ್ತಿರವೇ ರೂಮು ಕಾದಿರಿಸಲು ಒಪ್ಪುವ, ರದ್ದಾದರೆ ದಂಡ ಹಾಕದ ಹೋಟೆಲ್‌ಗಳು ಊರಲ್ಲಿವೆಯೇ ಎಂದು ಮೊದಲೇ ಕೇಳಬೇಕು.

ಗ್ರೀನ್ಸ್‌ಬರೋ ಪರವಾಗಿ ಹೇಳಬೇಕಾದ ಮಾತೊಂದಿದೆ. 2023ರ ಮಾರ್ಚ್‌ನಲ್ಲಿ ಅದೇ ಕೊಲಿಸಿಯಂ ಮೊದಲ ವಾರ ಎಸಿಸಿ ಮಹಿಳಾ ಟೂರ್ನಿಯನ್ನೂ, ಎರಡನೆಯ ವಾರ ಪುರುಷರ ಟೂರ್ನಿಯನ್ನೂ, ಮೂರನೆಯ ವಾರ ರಾಷ್ಟ್ರೀಯ ಟೂರ್ನಿಯ ಆರಂಭದ ಸುತ್ತುಗಳನ್ನೂ ನಡೆಸಿತು. ಎನ್‌ಬಿಎ ತಂಡವಿಲ್ಲದ ಊರಿಗೆ ಮಾತ್ರ ಸಾಧ್ಯವಾದ ಕೆಲಸ ಅದು. 2020ರ ಮಾರ್ಚ್ 12ರಂದು ಕೋವಿಡ್‌ನಿಂದ ಟೂರ್ನಿ ನಡುವೆಯೇ ನಿಂತದ್ದೂ ಅಲ್ಲೇ. ಮರುವರ್ಷ ವಾಷಿಂಗ್ಟನ್‌ನಲ್ಲಿ ನಡೆಯಬೇಕಿದ್ದ ಟೂರ್ನಿಯನ್ನು ಹೊತ್ತುಕೊಂಡದ್ದೂ ಆ ಊರೇ. ಕಷ್ಟ ಬಂದಾಗ ನೀವು ಕದ ತಟ್ಟುವ ಮನೆಗೆ ಒಳ್ಳೆಯ ದಿನಗಳಲ್ಲೂ ಪಾಲು ಕೊಡಬೇಕು ಎಂಬುದು ನಮ್ಮ ಅಭಿಪ್ರಾಯ.

ಅದರ ಕೊರತೆಗಳನ್ನು ಮುಚ್ಚಿಡುವುದಿಲ್ಲ. ಕೊಲಿಸಿಯಂ ಊರಿನ ಪೇಟೆಯಿಂದ ದೂರ, ಸುತ್ತ ವಾಹನ ನಿಲುಗಡೆಯ ಬಯಲು. ಎರಡು ಸೆಷನ್‌ಗಳ ನಡುವೆ ಜನರನ್ನೆಲ್ಲ ಹೊರಗೆ ಕಳಿಸಿ ಅಂಗಳ ಗುಡಿಸುವ ಹೊತ್ತಿನಲ್ಲಿ ನಡೆದು ಹೋಗಿ ಊಟ ಮಾಡುವ ಜಾಗ ಕಡಿಮೆ. ವಿಮಾನ ನಿಲ್ದಾಣ ಚಿಕ್ಕದು; ಬಾಸ್ಟನ್, ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಅಭಿಮಾನಿ ಬಹುಶಃ ಷಾರ್ಲಟ್‌ನಲ್ಲೇ ವಿಮಾನ ಬದಲಿಸಬೇಕು. ಷಾರ್ಲಟ್‌ನಲ್ಲಿ ಇದೆಲ್ಲ ಸುಲಭ: ದೊಡ್ಡ ವಿಮಾನ ನಿಲ್ದಾಣ, ಅಂಗಳದ ಬಾಗಿಲಲ್ಲೇ ಲೈಟ್ ರೈಲು, ನಡೆದು ಹೋಗುವಷ್ಟು ಹತ್ತಿರ ಹೋಟೆಲ್‌ಗಳು. ಆದರೆ ಸೀಟು ಕಡಿಮೆ, ಪೇಟೆಯ ನಡುವೆ ಕಾರು ನಿಲ್ಲಿಸುವುದೂ ದುಬಾರಿ. ರಾಲೀಯಿಂದ ಡರ್ಹಂ, ಗ್ರೀನ್ಸ್‌ಬರೋ ಹಾದು ಷಾರ್ಲಟ್‌ಗೆ ಆಮ್‌ಟ್ರಾಕ್‌ನ ಪೀಡ್ಮಾಂಟ್ ರೈಲು ಓಡುತ್ತದೆ. ಟೂರ್ನಿಯ ವಾರ ರಾತ್ರಿ ಸೆಷನ್ ಮುಗಿದ ಮೇಲೆ ಒಂದು ವಿಶೇಷ ಗಾಡಿ ಓಡಿಸುವಂತೆ ರಾಜ್ಯದ ಸಾರಿಗೆ ಇಲಾಖೆಯೊಂದಿಗೆ ಮಾತನಾಡುವುದನ್ನು ಬಿಡ್‌ನ ಭಾಗವಾಗಿಯೇ ಮಾಡಬಹುದು.

ಬದಲಿ ಅಂಗಳದ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. 2008ರ ಮಾರ್ಚ್ 14ರ ರಾತ್ರಿ ಅಟ್ಲಾಂಟಾದ ಜಾರ್ಜಿಯಾ ಡೋಮ್‌ನಲ್ಲಿ ಎಸ್‌ಇಸಿ (ಸೌತ್‌ಈಸ್ಟರ್ನ್ ಕಾನ್ಫರೆನ್ಸ್) ಟೂರ್ನಿಯ ಪಂದ್ಯ ನಡೆಯುತ್ತಿದ್ದಾಗಲೇ ಸುಂಟರಗಾಳಿ ಕಟ್ಟಡದ ಮೈಯನ್ನು ಹರಿಯಿತು. ಉಳಿದ ಪಂದ್ಯಗಳನ್ನು ಜಾರ್ಜಿಯಾ ಟೆಕ್‌ನ ಚಿಕ್ಕ ಅಂಗಳಕ್ಕೆ ಸಾಗಿಸಿದರು. ಟಿಕೆಟ್ ಕೊಂಡ ಬಹುತೇಕರಿಗೆ ಒಳಗೆ ಜಾಗವಿರಲಿಲ್ಲ, ಜಾರ್ಜಿಯಾ ತಂಡ ಶನಿವಾರ ಒಂದೇ ದಿನ ಎರಡು ಪಂದ್ಯ ಆಡಬೇಕಾಯಿತು. ಅದೇ ಡೋಮ್‌ನಲ್ಲಿ 2001ರಲ್ಲಿ ನಿಮ್ಮ ಟೂರ್ನಿಯೂ ನಡೆದಿತ್ತು, 2009ರಲ್ಲಿ ಮತ್ತೆ ನಡೆಯಿತು. ಗ್ರೀನ್ಸ್‌ಬರೋಗೆ ವಿನ್ಸ್ಟನ್-ಸೇಲಂನ ವೇಕ್ ಫಾರೆಸ್ಟ್ ಅಂಗಳ ಹತ್ತಿರವಿದೆ, ಷಾರ್ಲಟ್‌ಗೆ ಹಳೆಯ ಕೊಲಿಸಿಯಂ ಇದೆ. ಇವನ್ನು ಲಿಖಿತ ಒಪ್ಪಂದದಲ್ಲಿ ಕಟ್ಟಿಕೊಂಡಿದ್ದೀರಾ ಎಂದು ತಿಳಿಯಬಯಸುತ್ತೇವೆ.

ಕಾನೂನಿನ ಮಾತನ್ನೂ ಹೇಳಬೇಕು. 2016ರಲ್ಲಿ ಉತ್ತರ ಕೆರೊಲಿನಾ ಲಿಂಗತ್ವ ಅಲ್ಪಸಂಖ್ಯಾತರ ವಿರುದ್ಧ ಎಚ್‌ಬಿ2 ಎಂಬ ತಾರತಮ್ಯದ ಕಾನೂನು ಮಾಡಿದಾಗ ನೀವು ಸೆಪ್ಟೆಂಬರ್‌ನಲ್ಲಿ ರಾಜ್ಯದಲ್ಲಿದ್ದ ತಟಸ್ಥ ನೆಲದ ಚಾಂಪಿಯನ್‌ಷಿಪ್‌ಗಳನ್ನು ಹೊರಗೆ ಸಾಗಿಸಿದಿರಿ. ಮಹಿಳಾ ಬ್ಯಾಸ್ಕೆಟ್‌ಬಾಲ್ ದಕ್ಷಿಣ ಕೆರೊಲಿನಾದ ಕಾನ್ವೇಗೆ ಹೋಯಿತು. ಆ ತೀರ್ಮಾನ ಸರಿಯಾಗಿತ್ತು. ಬರುವ ಪ್ರತಿ ಆಟಗಾರ, ಪ್ರತಿ ಪ್ರೇಕ್ಷಕ ಆ ಊರಿನಲ್ಲಿ ಗೌರವದಿಂದ ಇರಬಲ್ಲರೇ ಎಂಬುದು ಅಳತೆಗೋಲಿನಲ್ಲಿ ಮೊದಲೇ ಬರೆದಿದ್ದರೆ, ಋತು ಶುರುವಾದ ಮೇಲೆ ಊರು ಹುಡುಕುವ ಪ್ರಮೇಯ ಬರುತ್ತಿರಲಿಲ್ಲ.

ನಮ್ಮ ವಿನಂತಿಗಳು ಇವು. ಮುಂದಿನ ಬಿಡ್ ಕರೆಯುವ ಮೊದಲು ಅಂಕಪಟ್ಟಿಯನ್ನು ಪ್ರಕಟಿಸಿ: ಬಾಡಿಗೆ, ನಗರ ಕೊಡುವ ಖಾತರಿ ಹಣ, ಹೋಟೆಲ್ ದರದ ಮಿತಿ, ಬದಲಿ ಅಂಗಳ, ಸಾರಿಗೆ ಇವಕ್ಕೆಲ್ಲ ಎಷ್ಟೆಷ್ಟು ತೂಕ ಎಂದು ತಿಳಿಸಿ. ಅದರಲ್ಲಿ ಅತಿ ಹೆಚ್ಚು ತೂಕ ಮೂರು ಗಂಟೆಯ ರಸ್ತೆಯೊಳಗಿನ ಸದಸ್ಯ ವಿಶ್ವವಿದ್ಯಾಲಯಗಳ ಸಂಖ್ಯೆಗೆ ಇರಲಿ. ಗ್ರೀನ್ಸ್‌ಬರೋ ಮತ್ತು ಷಾರ್ಲಟ್ ಸರದಿಯಲ್ಲಿ ನಡೆಸಲಿ, ನಾಲ್ಕೈದು ವರ್ಷಕ್ಕೊಮ್ಮೆ ವಾಷಿಂಗ್ಟನ್ ಬರಲಿ. ಮೂರು ವರ್ಷ ಮುಂಚಿತವಾಗಿ ತಿಳಿಸಿದರೆ ಕುಟುಂಬಗಳು ರಜೆ ಹೊಂದಿಸಿಕೊಳ್ಳುತ್ತವೆ. ಮಂಗಳವಾರ ಮತ್ತು ಬುಧವಾರದ ಟಿಕೆಟ್‌ಗಳನ್ನು ಪುಸ್ತಕದಿಂದ ಬಿಡಿಸಿ ಬಿಡಿಯಾಗಿ, ಕಡಿಮೆ ದರಕ್ಕೆ ಮಾರಿ. ಮೇಲಿನ ಅಂತಸ್ತಿಗೆ ಪರದೆ ಹಾಕಿ, ಕೆಳಗಿನ ಒಂದು ಬದಿಯನ್ನು ಆಡುವ ತಂಡಗಳ ವಿದ್ಯಾರ್ಥಿಗಳಿಗೆ, ಇನ್ನೊಂದು ಬದಿಯನ್ನು ಆತಿಥೇಯ ಜಿಲ್ಲೆಯ ಸರ್ಕಾರಿ ಶಾಲೆಗಳ ಮಕ್ಕಳಿಗೆ ಮೀಸಲಿಡಿ. ಟೂರ್ನಿ ಮುಗಿದ ಮೇಲೆ ಪ್ರತಿ ಸೆಷನ್‌ಗೆ ಮಾರಾಟವಾದ ಟಿಕೆಟ್‌ಗಳ ಸಂಖ್ಯೆಯ ಜೊತೆಗೆ ಬಾಗಿಲಲ್ಲಿ ಸ್ಕ್ಯಾನ್ ಆದ ಟಿಕೆಟ್‌ಗಳ ಸಂಖ್ಯೆಯನ್ನೂ ಪ್ರಕಟಿಸಿ. ಈ ಎರಡರ ನಡುವಿನ ಅಂತರ ಯಾವ ಊರಿನಲ್ಲಿ ಕಡಿಮೆ ಎಂದು ಮೂರ್ನಾಲ್ಕು ವರ್ಷ ನೋಡಿದರೆ ಮುಂದಿನ ತೀರ್ಮಾನಕ್ಕೆ ನಿಮಗೂ ಆಧಾರ ಸಿಗುತ್ತದೆ, ನಮಗೂ ಉತ್ತರ ಸಿಗುತ್ತದೆ.

ಅಂಕಪಟ್ಟಿಯ ಕರಡು ಸಿದ್ಧವಾದಾಗ ಸಾರ್ವಜನಿಕರಿಗೆ ಅಭಿಪ್ರಾಯ ಹೇಳಲು ಕನಿಷ್ಠ 30 ದಿನ ಕೊಡಬೇಕೆಂದು ಕೋರುತ್ತೇವೆ.

ವಂದನೆಗಳೊಂದಿಗೆ,
ಉತ್ತರ ಕೆರೊಲಿನಾದ ಕನ್ನಡಿಗ ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳು